ಅರ್ಥಿಂಗ್

ಹನ್ನೊಂದು ಡಬ್ಬಿ ಬಂದಿಳಿದಾಗ ಬೆಟಗೇರಿಯ ನಮ್ಮ ಸಾಲಿಗೆ
ಎದುರು ಮನಿಯ ಮಗ್ಗ ಸುದ್ದಾ ಒಂದು ಗಳಿಗಿ ನಿಂತಿತ್ತು.
ಸಾಹೇಬರು ಕಟ್ಟಿ ಮ್ಯಾಲೆ ನಿಂತು ಅಂದ್ರು:
'ಭವಿಷ್ಯ ಬಂದೈತಿ. ಸಹಿ ಮಾಡಿ ಇಟಗೋರಿ.'

ಸಹಿ ಮಾಡಿದೆ. ಬೀಗ ಹಾಕಿದೆ.
ಡೆಡ್ ಸ್ಟಾಕ್ ರಜಿಸ್ಟರಿನ ನಲವತ್ತೆರಡನೇ ಪುಟದಾಗ
'ಭವಿಷ್ಯ, ಹನ್ನೊಂದು ನಗ' ಅಂತ ಬರೀಲಿಲ್ಲ ಖರೆ,
ಬರದದ್ದು ಬ್ಯಾರೇನೂ ಅಲ್ಲ.

ಎರಡು ವರ್ಷ.
ಬಾಗಲ ಸಂದಿಯಿಂದ ಥರ್ಮಾಕೋಲಿನ ಬಿಳಿ ಕಾಳು ಹಾರಿ ಬಂದ್ರ
ಒಂದನೇತ್ತೆಯ ಮುದಕಪ್ಪ ಚುರಮುರಿ ಅಂತ ಆರಿಸತಿದ್ದ.
ನಡುವ ಒಂದು ಸಲ ಧೈರ್ಯ ಮಾಡಿ ಗುಂಡಿ ಒತ್ತಿದ್ವಿ.
ಮಾಬುನ್ನಿ ಬೆರಳು ಎಳಕೊಂಡು ಅಂದ್ಲು,
'ಕಚ್ಚತೈತ್ರಿ ಅಕ್ಕೋರ.'
ಕಚ್ಚೋದನ್ನ ಮತ್ತ ಡಬ್ಬ್ಯಾಗ ಕಟ್ಟಿಟ್ವಿ.

ಅರ್ಜಿ ಹೋತು. ಅಂದಾಜು ಪತ್ರಿಕೆ ಬಂತು.
ಅಂದಾಜಿನ ಮ್ಯಾಲೆ ಒಂದು ಶೆರಾ ಬಂತು.
ಶೆರಾದ ಮ್ಯಾಲೆ ಒಂದು ಮಳಿಗಾಲ ಸುರಿದು
ಮಾಳಿಗಿ ಸೋರಿ, ಡಬ್ಬಿಗೆ ತಾಡಪತ್ರಿ ಹೊಚ್ಚಿದ್ವಿ,
ಬಾಣಂತಿಗೆ ಹೊಚ್ಚಿದಂಗ.

ಕಡೀಕ ಬಂದಾಂವ ಮೌಲಾಸಾಬ ನದಾಫ,
ಮಾಬುನ್ನಿಯ ಅಪ್ಪ, ಕಿವಿ ಸಂದ್ಯಾಗ ಟೆಸ್ಟರು,
ಇದ ಸಾಲ್ಯಾಗ ನಾಕನೇತ್ತೆಗೆ ಬಿಟ್ಟಾಂವ.
ಗ್ವಾಡಿ ಬಡದು ನೋಡಿದ, ವಾಯರು ಮೂಸಿ ನೋಡಿದ, ಅಂದ:
'ಅರ್ಥಿಂಗ್ ಇಲ್ರಿ ಅಕ್ಕೋರ.'
ನನಗ ಕೇಳಿದ್ದು: ಅರ್ಥ ಇಲ್ರಿ.
ಇಪ್ಪತ್ತೆರಡು ವರ್ಷ ಬೋರ್ಡಿನ ಮ್ಯಾಲೆ
'ಕೆಳಗಿನ ಪದಗಳ ಅರ್ಥ ಬರೆಯಿರಿ' ಅಂತ ಬರದು ಬರದು
ಕೆಟ್ಟು ಹೋದ ಕಿವಿ.

'ಮ್ಯಾಲಿಂದ ಎಷ್ಟರ ಬರಲಿ,' ಅಂದ ನದಾಫ,
'ಹೆಚ್ಚಾದದ್ದು ಇಳಿಯಾಕ ತೆಳಗ ನೆಲ ಸಿಗಬೇಕು.
ಸಿಗಲಿಲ್ಲಂದ್ರ, ಮುಟ್ಟಿದ ಹುಡುಗರ ಮೈಯಾಗ ಇಳೀತೈತಿ.'

ರವಿವಾರ ತಗ್ಗು ತೋಡಿದ್ವಿ, ಆಳೆತ್ತರ.
ಮೊಣಕಾಲಮಟ ಹೋಗೂದ್ರಾಗ ಪಾಟಿ ಚೂರು ಬಂದ್ವು.
'ಇದರಾಗ ನಂದೂ ಒಂದು ಇರಬೇಕು' ಅಂತ
ಒಂದು ಚೂರು ಅಂಗಿಗೆ ಒರಸಿ ಕಿಸೇಕ ಹಾಕ್ಕೊಂಡ.
ಹಳದಿ ವ್ಯಾನಿನ ಡ್ರೈವರ್ ಹಾದಿ ಮ್ಯಾಲೆ ನಿಂತು ಕೇಳಿದ,
'ಬೋರ್ ಹಾಕ್ಸಾಕತ್ತೀರೇನು?'
'ಇಲ್ರಿ, ಕಂಪ್ಯೂಟರ್ ಬಿತ್ತಾಕತ್ತೀವಿ' ಅಂದ್ವು ಹುಡುಗರು.
ನಗಲಿಲ್ಲ ಅವು. ಎರಿ ಸೀಮಿ ಮಕ್ಕಳು.

ಮನಿಮನಿಯಿಂದ ಹಿಡಿ ಹಿಡಿ ಉಪ್ಪು ಬಂತು.
ಗ್ಯಾಸು ಬರೂಕಿಂತ ಮೊದಲಿನ ಇದ್ದಲಿ ಒಂದು ಚೀಲ
ಎದಕಾರ ಬೇಕಾದೀತು ಅಂತ ಇಟ್ಟಿದ್ಲು ಅಡಿಗಿ ಫಕೀರವ್ವ.
ತಾಮ್ರದ ತಗಡಿಗೆ ಮಾತ್ರ ರೊಕ್ಕ ಕೂಡಲಿಲ್ಲ.
ಮಗನನ್ನ ಹಳದಿ ವ್ಯಾನಿಗೆ ಹತ್ತಸಾಂವ, ನೇಕಾರ ಚಂದ್ರಾಮಪ್ಪ,
ತೂತು ಬಿದ್ದ ಅವ್ವನ ಹಂಡೆ ತಂದು ಇಳಿಸಿ
ಯಾರ ಮಾರಿನೂ ನೋಡದ ಹೋದ.

ಉಪ್ಪು, ಇದ್ದಲಿ, ಮತ್ತ ಉಪ್ಪು.
ನಡುವ ಆ ತಾಮ್ರ.
ಮ್ಯಾಲೆ ಮಣ್ಣೆಳದು ಮಾಬುನ್ನಿ ಕಾಲಿಲೆ ತುಳದ್ಲು.

ಪರದೆ ಬೆಳಗಿತು. ಯಾರನ್ನೂ ಕಚ್ಚಲಿಲ್ಲ.
ಮೂಲ್ಯಾಗಿನ ತಾರೀಖು: ಎರಡು ಸಾವಿರದ ಎರಡು, ಜನವರಿ ಒಂದು.
ನದಾಫ ಭಾಳೊತ್ತು ಅದನ್ನ ನೋಡಿದ.
'ಇದಕ್ಕಿನ್ನೂ ನಾ ಸಾಲಿ ಬಿಟ್ಟದ್ದು ಗೊತ್ತಿಲ್ಲ ನೋಡ್ರಿ.'
ಮಗಳು ಬಾಣದ ಗುಂಡಿ ಒತ್ತಿ ಒತ್ತಿ
ಒಂದೊಂದ ವರ್ಷ ಏರಿಸಿ ಇಲ್ಲೀತನಕ ತಂದ್ಲು.

ಮಾಳಿಗಿ ಇನ್ನೂ ಸೋರತೈತಿ.
ಗಣಿತದ ಮಾಸ್ತರ ಕುರ್ಚಿ ಖಾಲಿನ ಐತಿ.
ಎರಿ ಒಣಗಿ ಬಿರಕು ಬಿಟ್ರ ಮತ್ತ ಕಚ್ಚತೈತಂತ,
ಅದಕ್ಕ ದಿನಾ ಒಂದು ಕೊಡ ನೀರು ಆ ತಗ್ಗಿಗೆ;
ಸರದಿ ಪಟ್ಟಿ ಬಾಗಲಿಗೆ ಅಂಟಿಸೇನಿ.
ಏಪ್ರಿಲ್ ಹತ್ತಕ್ಕ ಸೂಟಿ. ಅದರ ಮುಂದಿನ ಮನಿಗಳು ಖಾಲಿ ಬಿಟ್ಟಿದ್ದೆ.
ನಿನ್ನೆ ನೋಡಿದ್ರ, ಮೇ ತಿಂಗಳ ಉದ್ದಕ್ಕೂ ಪೆನ್ಸಿಲಿನ್ಯಾಗ
ಒಂದ ಹೆಸರು, ಮೂವತ್ತೊಂದು ಸಲ:
ಮದಕಪ್ಪ.
ಮೂರನೇತ್ತೆಗೆ ಬಂದಾನ, ಕೊಂಬು ತಪ್ಪೈತಿ.
ನಾಳೆ ಮಗ್ಗಲದಾಗ ಕುಂದರಿಸಿಕೊಂಡು ತಿದ್ದಿಸಬೇಕು.